ಒಂದು ಗ್ರಾಂ ಸಮಚಿತ್ತ

ಸುಖದುಃಖಗಳಲ್ಲಿ ಚಿತ್ತ ಸಮನಾಗಿರುವುದನ್ನು ಭಾರತೀಯ ದರ್ಶನಗಳು ದೀರ್ಘ ಸಾಧನೆಯ ಫಲವೆಂದು ಎಣಿಸಿವೆ. ಭಗವದ್ಗೀತೆಯ ಎರಡನೆಯ ಅಧ್ಯಾಯದ ಸ್ಥಿತಪ್ರಜ್ಞ, ಅಂದರೆ ಅರಿವು ಅಲುಗದೆ ನೆಲೆನಿಂತವನು, ದುಃಖ ಬಂದಾಗ ಕಂಗೆಡುವುದಿಲ್ಲ, ಸುಖ ಬಂದಾಗ ಅದಕ್ಕೆ ಹಾತೊರೆಯುವುದೂ ಇಲ್ಲ. ಈ ಆದರ್ಶದ ಬೆನ್ನಿಗೇ ಹಳೆಯದೊಂದು ಶಂಕೆಯೂ ಅಂಟಿಕೊಂಡಿದೆ: ಯಾವುದೂ ತಾಗದ ಮನಸ್ಸಿಗೂ ಕಲ್ಲಿಗೂ ಅಂತರವೇನು? ಮುಕ್ತಿಯಲ್ಲಿ ಆತ್ಮಕ್ಕೆ ಸುಖವೂ ಇಲ್ಲ, ದುಃಖವೂ ಇಲ್ಲ ಎಂದ ನ್ಯಾಯದರ್ಶನವು ಜನರಿಗೆ ಕಲ್ಲಾಗುವ ದಾರಿ ತೋರುತ್ತದೆಂಬ ಅಣಕ 12ನೆಯ ಶತಮಾನದ ಶ್ರೀಹರ್ಷನ ನೈಷಧೀಯಚರಿತದಲ್ಲಿಯೇ ಬರುತ್ತದೆ. ಪಂಡಿತರ ವಾದದೊಳಗೆ ಉಳಿದಿದ್ದ ಈ ಶಂಕೆಯನ್ನು ಮನೆಮನೆಯ ತಲೆನೋವಿನ ಮಾತ್ರೆ ಈಗ ಹೊಸದಾಗಿ ಎಬ್ಬಿಸಿದೆ.

ವೈದ್ಯರ ಚೀಟಿಯಿಲ್ಲದೆ ಔಷಧಿ ಅಂಗಡಿಯಲ್ಲಿ ದೊರೆಯುವ ಪ್ಯಾರಾಸಿಟಮಾಲ್ 1950ರ ದಶಕದಿಂದ ವ್ಯಾಪಕ ಬಳಕೆಯಲ್ಲಿದೆ. ನುಂಗಿದ ಮಾತ್ರೆಯ ಒಂದಂಶವು ಮಿದುಳನ್ನು ತಲುಪಿ, ಅಲ್ಲಿ ಎಎಂ404 ಎಂಬ ವಸ್ತುವಾಗಿ ಮಾರ್ಪಟ್ಟು, ನೋವಿನ ಸಂದೇಶವನ್ನು ತಗ್ಗಿಸುತ್ತದೆ. ಮೈಯ ನೋವಿಗೂ ತಿರಸ್ಕಾರದ ನೋವಿಗೂ ಮಿದುಳಿನ ಕೆಲವು ಭಾಗಗಳು ಒಂದೇ ಬಗೆಯಲ್ಲಿ ಸ್ಪಂದಿಸುತ್ತವೆಂಬ ಊಹೆಯಿಂದ ಹೊರಟ ಅಮೆರಿಕದ ಮನಶ್ಶಾಸ್ತ್ರಜ್ಞರು, ಮೂರು ವಾರ ದಿನವೂ ಈ ಔಷಧವನ್ನು ತೆಗೆದುಕೊಂಡವರ ಮನಸ್ಸು ಚುಚ್ಚುಮಾತುಗಳಿಗೆ ನೋಯುವುದು ಕಡಿಮೆಯಾಯಿತೆಂದು 2010ರಲ್ಲಿ ವರದಿ ಮಾಡಿದರು. 2015ರಲ್ಲಿ ಓಹಾಯೋ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 82 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ಒಂದು ಗ್ರಾಂ, ಅಂದರೆ 500 ಮಿಲಿಗ್ರಾಮಿನ ಎರಡು ಮಾತ್ರೆಗಳಷ್ಟು ಔಷಧವನ್ನೂ ಉಳಿದವರಿಗೆ ಔಷಧವಿಲ್ಲದ ಹುಸಿಮದ್ದನ್ನೂ ಕೊಟ್ಟು, ಒಂದು ಗಂಟೆಯ ಬಳಿಕ 40 ಚಿತ್ರಗಳನ್ನು ತೋರಿಸಿದರು. ಹಸಿವಿನಿಂದ ಬಡಕಲಾಗಿ ಅಳುವ ಮಕ್ಕಳ ಚಿತ್ರವೂ ಬೆಕ್ಕುಗಳೊಡನೆ ಆಡುವ ಮಕ್ಕಳ ಚಿತ್ರವೂ ಅವುಗಳಲ್ಲಿದ್ದವು. ಔಷಧ ಸೇವಿಸಿದವರಿಗೆ ಮೊದಲನೆಯದು ಅಷ್ಟೊಂದು ಘೋರವೆನಿಸಲಿಲ್ಲ, ಎರಡನೆಯದು ಅಷ್ಟೊಂದು ಮುದ್ದೆನಿಸಲೂ ಇಲ್ಲ. ಮರುವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 80 ವಿದ್ಯಾರ್ಥಿಗಳು ಚಾಕುವಿನಿಂದ ಮೂಳೆಯವರೆಗೂ ಗಾಯವಾದವನ, ತಂದೆಯನ್ನು ಕಳೆದುಕೊಂಡವನ ಪ್ರಸಂಗಗಳನ್ನು ಓದಿದರು. ಔಷಧ ಸೇವಿಸಿದ್ದವರು ಆ ನೋವುಗಳನ್ನು ಉಳಿದವರಿಗಿಂತ ಕಡಿಮೆಯೆಂದು ಅಂದಾಜಿಸಿದರು. ಇವು ಸಣ್ಣ ಗುಂಪುಗಳ ಮೇಲೆ ನಡೆದ ಪ್ರಯೋಗಗಳು, ಪರಿಣಾಮವೂ ಅಲ್ಪ, ಮರುಪರೀಕ್ಷೆಗಳೆಲ್ಲವೂ ಒಂದೇ ಮಾತನ್ನು ಹೇಳಿಲ್ಲ. ಆದ್ದರಿಂದ ಇವನ್ನು ಸಿದ್ಧಾಂತವೆನ್ನದೆ ವಿಚಾರಕ್ಕೆ ಒದಗಿದ ದೃಷ್ಟಾಂತವೆಂದು ಹಿಡಿಯುವುದೇ ಯುಕ್ತ.

ದುಃಖದಲ್ಲಿ ಕುಗ್ಗದ, ಸುಖದಲ್ಲಿ ಹಿಗ್ಗದ ಮನಸ್ಸು ಒಂದು ಗ್ರಾಂ ಔಷಧದಿಂದ ಒಂದು ಗಂಟೆಯ ಮಟ್ಟಿಗಾದರೂ ಒದಗುವುದಾದರೆ ಸ್ಥಿತಪ್ರಜ್ಞನ ಹಿರಿಮೆ ಏನುಳಿಯಿತು? ಜಡವಸ್ತು ಮನಸ್ಸನ್ನು ಮುಟ್ಟಲಾರದೆಂದು ಹೇಳಿ ಈ ಪ್ರಶ್ನೆಯಿಂದ ನುಣುಚಿಕೊಳ್ಳುವಂತಿಲ್ಲ. ಛಾಂದೋಗ್ಯೋಪನಿಷತ್ತಿನಲ್ಲಿ ಉದ್ದಾಲಕನು ಮಗ ಶ್ವೇತಕೇತುವಿಗೆ 15 ದಿನ ಅನ್ನ ಬಿಟ್ಟು ನೀರನ್ನಷ್ಟೇ ಕುಡಿದಿರಲು ಹೇಳಿ, ಆಮೇಲೆ ವೇದಮಂತ್ರಗಳನ್ನು ಕೇಳುತ್ತಾನೆ. ಮಗನಿಗೆ ಒಂದೂ ಹೊಳೆಯುವುದಿಲ್ಲ, ಉಂಡು ಬಂದ ಮೇಲೆ ಎಲ್ಲವೂ ನೆನಪಾಗುತ್ತದೆ. ಉಂಡ ಅನ್ನದ ಅತಿ ಸೂಕ್ಷ್ಮವಾದ ಅಂಶವೇ ಮನಸ್ಸೆಂಬುದು ಅಲ್ಲಿಯ ಪಾಠ. ಸಾಂಖ್ಯರಂತೂ ಬುದ್ಧಿ, ಅಹಂಕಾರ, ಮನಸ್ಸುಗಳನ್ನು ಪ್ರಕೃತಿಯ, ಅಂದರೆ ಜಡದ ಮೂಲತತ್ತ್ವದ, ವಿಕಾರಗಳೆಂದೇ ಎಣಿಸುತ್ತಾರೆ. ಮಾತ್ರೆಯಿಂದ ಮನಸ್ಸು ಬದಲಾಗುತ್ತದೆಂಬುದು ಈ ಪರಂಪರೆಗೆ ಆಘಾತವೇನಲ್ಲ.

ಉತ್ತರವಿರುವುದು ಗೀತೆಯಲ್ಲಿಯೇ. ಅದರ ಆರನೆಯ ಅಧ್ಯಾಯವು ಸಮತ್ವದ ತುದಿಯಲ್ಲಿ ಆತ್ಮೌಪಮ್ಯವನ್ನು ಇರಿಸುತ್ತದೆ. ಆತ್ಮೌಪಮ್ಯವೆಂದರೆ ತನ್ನನ್ನೇ ಹೋಲಿಕೆಯಾಗಿಟ್ಟುಕೊಂಡು ಇತರರ ಸುಖದುಃಖಗಳನ್ನು ಅಳೆಯುವುದು, ಹಾಗೆ ಕಾಣಬಲ್ಲವನೇ ಪರಮ ಯೋಗಿ. ಎಂದ ಮೇಲೆ ಗೀತೆಯ ಸಮಚಿತ್ತನು ತನ್ನ ದುಃಖಕ್ಕೆ ಕದಲದಿದ್ದರೂ ನೆರೆಯವನ ದುಃಖವನ್ನು ತಿಳಿಯದವನಲ್ಲ. ತನ್ನ ನೋವಿನ ಅನುಭವವೇ ಆ ಹೋಲಿಕೆಯ ಅಳತೆಗೋಲು. ಬೌದ್ಧರ ಎರಡು ಬಾಣಗಳ ಉಪಮೆಯೂ ಇದನ್ನೇ ಸೂಚಿಸುತ್ತದೆ: ದೇಹದ ನೋವು ಮೊದಲ ಬಾಣ, ಅದರ ಮೇಲೆ ಮನಸ್ಸು ಹೂಡಿಕೊಳ್ಳುವ ಗೋಳಾಟ ಎರಡನೆಯದು; ಜ್ಞಾನಿಗೆ ಎರಡನೆಯದು ನಾಟುವುದಿಲ್ಲ, ಮೊದಲನೆಯದು ನಾಟುತ್ತದೆ, ನಾಟಿದ್ದು ಅವನಿಗೆ ತಿಳಿಯುತ್ತದೆ. ಮಾತ್ರೆಗೆ ಈ ವಿವೇಕವಿಲ್ಲ. ಅದು ಗೋಳಾಟವನ್ನು ತಗ್ಗಿಸುವುದು ವೇದನೆಯನ್ನೇ ಮಂಕಾಗಿಸುವ ಮೂಲಕ. ಪ್ರಯೋಗಗಳ ಮಾತು ನಿಜವಾದರೆ ತನ್ನ ನೋವಿನ ಜೊತೆಗೆ ಪರರ ನೋವನ್ನು ಅಳೆಯುವ ಕೋಲೂ ಆ ಹೊತ್ತಿಗೆ ಮೊಟಕಾಗುತ್ತದೆ. ಸಮತ್ವವನ್ನೂ ಜಡತ್ವವನ್ನೂ ಬೇರ್ಪಡಿಸುವ ಒರೆಗಲ್ಲು ಇದು: ಚಿತ್ತವು ಎಷ್ಟು ಶಾಂತವಾಗಿದೆ ಎಂಬುದನ್ನಲ್ಲ, ಆ ಶಾಂತಿಯೊಳಗೆ ಮತ್ತೊಬ್ಬರ ಅಳಲು ಕೇಳಿಸುತ್ತದೆಯೇ ಎಂಬುದನ್ನು ನೋಡಬೇಕು.

ಇದರಿಂದ ಜ್ವರಕ್ಕೆ ಮಾತ್ರೆ ನುಂಗುವುದು ಅಧರ್ಮವೆಂಬ ತೀರ್ಮಾನ ಹೊರಡುವುದಿಲ್ಲ. ನೋವಿನಿಂದ ನರಳುವವನಿಗೆ ಪರರತ್ತ ತಿರುಗಲು ಬಿಡುವೇ ಇರುವುದಿಲ್ಲವಾದ್ದರಿಂದ, ನೋವು ಶಮನವಾಗುವುದೇ ಎಷ್ಟೋ ಬಾರಿ ಕರುಣೆಗೆ ದಾರಿಯಾಗುತ್ತದೆ. ಸಾಂಖ್ಯಕಾರಿಕೆಯೂ ಔಷಧದಂಥ ಲೌಕಿಕ ಉಪಾಯಗಳನ್ನು ನಿಂದಿಸದೆ, ಅವುಗಳಿಂದಾಗುವ ದುಃಖನಿವೃತ್ತಿ ಐಕಾಂತಿಕವಲ್ಲ, ಎಂದರೆ ಖಚಿತವಲ್ಲ, ಆತ್ಯಂತಿಕವೂ ಅಲ್ಲ, ಎಂದರೆ ಶಾಶ್ವತವಲ್ಲ ಎಂದಷ್ಟೇ ಎಚ್ಚರಿಸುತ್ತದೆ. ತಲೆನೋವಿನ ಕಾಯಿಲೆಯುಳ್ಳವರು ಮೂರು ತಿಂಗಳಿಗೂ ಮೀರಿ, ತಿಂಗಳಿಗೆ 15 ದಿನ ಅಥವಾ ಹೆಚ್ಚು ಇಂಥ ಮಾತ್ರೆಗಳನ್ನು ನುಂಗಿದರೆ, ಅತಿಬಳಕೆಯಿಂದಲೇ ತಲೆನೋವು ಹುಟ್ಟಬಹುದೆಂದು ವೈದ್ಯಶಾಸ್ತ್ರವು ಗುರುತಿಸಿರುವುದು ಆ ಎಚ್ಚರಿಕೆಗೆ ನೇರ ಸಾಕ್ಷಿ.

ಮಾತ್ರೆಯ ಪ್ರಭಾವ ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತದೆ, ಅದರೊಡನೆ ಅದು ತಂದ ಸಮಚಿತ್ತವೂ ಇಳಿಯುತ್ತದೆ. ಮಾತ್ರೆಯ ಹಂಗಿಲ್ಲದೆ ವರ್ಷಗಟ್ಟಲೆ ತಮ್ಮ ದುಃಖವನ್ನು ನುಂಗಿಕೊಂಡು ಕಲ್ಲಾಗಿ ಕುಳಿತವರಿಗೂ ಈ ಒರೆಗಲ್ಲು ಅನ್ವಯಿಸುತ್ತದೆ; ತಂದೆಯನ್ನು ಕಳೆದುಕೊಂಡವನ ಕಥೆ ಕಿವಿಗೆ ಬಿದ್ದಾಗ ಅದು ಹಗುರವೆನಿಸಿದರೆ, ಶ್ರೀಹರ್ಷನ ಕಾವ್ಯದ ಅಣಕ ಅವರಿಗೂ ಸಲ್ಲುತ್ತದೆ.