ಜೀರ್ಣೋದ್ಧಾರದ ದಾನ

ಗುಂಡ್ಲುಪೇಟೆಯಲ್ಲಿ ಒಂದು ಹಳೆಯ ಕಟ್ಟಡವಿದೆ. ಹಗಲಿನಲ್ಲಿ ಅದು ಶಿಶುವಿಹಾರ. ಸಂಜೆಯಾದ ಮೇಲೆ ಅದೇ ಹಜಾರದಲ್ಲಿ ಹುಡುಗರು ಕೇರಂ ಆಡುತ್ತಾರೆ, ಹಿರಿಯರು ಪತ್ರಿಕೆ ಓದುತ್ತಾರೆ, ಹಬ್ಬ ಹತ್ತಿರ ಬಂದರೆ ನಾಟಕದ ತಾಲೀಮು ನಡೆಯುತ್ತದೆ. ಚೆಂಡುಹೂವಿನ ಹೊಲಗಳಿಗೂ ಗಡಿಯಾಚೆಯ ವಯನಾಡಿನ ಶುಂಠಿ ಹೊಲಗಳಿಗೂ ಕೂಲಿಗೆ ಹೊರಡುವ ತಾಯಂದಿರು ಮಕ್ಕಳನ್ನು ಬೆಳಿಗ್ಗೆಯೇ ಅಲ್ಲಿ ಬಿಟ್ಟು ಹೋಗುತ್ತಾರೆ. ಅದರ ಮಂಗಳೂರು ಹೆಂಚಿನ ಮಾಡು ಸೋರುತ್ತಿದೆ. ನಡುತೊಲೆಗೆ ಗೆದ್ದಲು ಹಿಡಿದಿದೆ. ದುರಸ್ತಿಗೆ ಹಣ ಕೂಡಿಸಲೆಂದು ನಾವು ನಾಲ್ಕೈದು ಮಂದಿ ಗುಂಡ್ಲುಪೇಟೆಯಲ್ಲಿಯೂ ಚಾಮರಾಜನಗರದಲ್ಲಿಯೂ ಅಂಗಡಿಯಿಂದ ಅಂಗಡಿಗೆ ತಿರುಗಿದೆವು. ಆಗ ಎದುರಾದ ಪ್ರಶ್ನೆಗಳಲ್ಲಿ ಕೆಲವು ಕೂಡಿದ ಹಣಕ್ಕಿಂತ ಭಾರವಾಗಿದ್ದವು. ಅವನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರಿತು.

ಚಾಮರಾಜನಗರದ ಹಿರಿಯ ಶ್ರಾವಕರೊಬ್ಬರು ನಮ್ಮ ಮಾತನ್ನೆಲ್ಲ ಶಾಂತವಾಗಿ ಕೇಳಿದರು. ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದ ವ್ರತನಿಷ್ಠರು ಅವರು. "ತೊಲೆಯಲ್ಲಿ ಗೆದ್ದಲು ಎಷ್ಟು ಸಾವಿರವಿದೆಯೋ. ನೀವು ಅದಕ್ಕೆ ಔಷಧ ಹೊಡೆಸುತ್ತೀರಿ. ಆ ಪಾಪದಲ್ಲಿ ನನ್ನ ಹಣವೇಕೆ ಸೇರಬೇಕು, ನೀವೇ ಹೇಳಿ" ಎಂದರು. ನಮ್ಮ ಜೊತೆಯಲ್ಲಿದ್ದ ತರುಣನೊಬ್ಬ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ. ಗೆದ್ದಲು ಮೂರು ಇಂದ್ರಿಯಗಳುಳ್ಳ ಜೀವವೆಂದು ಪಾಠಶಾಲೆಯಲ್ಲಿ ಕಲಿತವರು ನಾವು.

ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆಯಾಗಿ ಎಣಿಸುವುದುಂಟು. ಗೃಹಸ್ಥನು ಸಂಪೂರ್ಣವಾಗಿ ಬಿಡಲೇಬೇಕಾದದ್ದು ಸಂಕಲ್ಪಿ ಹಿಂಸೆಯನ್ನು; ಮನೆ ಕಟ್ಟುವಾಗ, ಅಡಿಗೆ ಮಾಡುವಾಗ ಆಗುವ ಆರಂಭಿ ಹಿಂಸೆಯನ್ನು ಆತ ಕಡಿಮೆ ಮಾಡಬಲ್ಲನೇ ಹೊರತು ನೀಗಲಾರ. ಅಂದು ನಾನು ಕೊಟ್ಟದ್ದು ಈ ಉತ್ತರವನ್ನೇ. ಆದರೆ ದಾರಿಯಲ್ಲಿ ಬರುತ್ತ ಅದು ತೀರ ಸುಲಭದ ಉತ್ತರವೆನಿಸಿತು. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹರಣವೊಂದನ್ನೇ ಹೇಳಿ ಬಿಟ್ಟಿಲ್ಲ. ಪ್ರಮಾದದ ಯೋಗದಿಂದ ಆಗುವ ಪ್ರಾಣಹರಣವೆಂದು ಹೇಳಿದ್ದಾರೆ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇನ್ನೂ ಮುಂದೆ ಹೋಗಿ, ಜೀವ ಸತ್ತರೂ ಸಾಯದಿದ್ದರೂ ಪ್ರಮಾದಿಗೆ ಹಿಂಸೆಯ ದೋಷ ತಪ್ಪದೆಂದು ವಿವರಿಸುತ್ತಾರೆ. ಹಾಗಾದರೆ, ತೊಲೆ ಟೊಳ್ಳಾಗಿದೆಯೆಂದು ತಿಳಿದೂ ಅದರ ಕೆಳಗೆ ಮಕ್ಕಳನ್ನು ಮಲಗಿಸುತ್ತ ಬಂದ ನಮ್ಮ ಲೆಕ್ಕ ಏನಾಯಿತು? ತೊಲೆ ಇನ್ನೂ ಬಿದ್ದಿಲ್ಲವೆಂಬುದು ನಮ್ಮ ಪುಣ್ಯವಲ್ಲ.

ಗೆದ್ದಲಿನ ವಿಷಯದಲ್ಲಿಯೂ ಇದೇ ಮಾತು. ಪ್ರತಿ ವರ್ಷ ಮುಂಗಾರಿಗೆ ಮೊದಲು ಹೆಂಚು ಕೈಯಾಡಿಸಿ, ಒಡೆದವನ್ನು ಬದಲಿಸಿದ್ದರೆ ಮರ ತೇವಗೊಳ್ಳುತ್ತಿರಲಿಲ್ಲ, ಗೆದ್ದಲಿಗೆ ಅಲ್ಲಿ ಇಷ್ಟು ದೊಡ್ಡ ಸಂಸಾರ ಹೂಡಲು ಆಗುತ್ತಿರಲಿಲ್ಲ. ನಮ್ಮ ಅಲಕ್ಷ್ಯವೇ ಅದನ್ನು ಕರೆತಂದು ಕೂರಿಸಿತು. ಈಗ ಕೊಲ್ಲಲು ಹೊರಟವರೂ ನಾವೇ. ಮರುವಾರ ಹಿರಿಯರ ಬಳಿಗೆ ಮತ್ತೆ ಹೋಗಿ ಇದನ್ನು ಒಪ್ಪಿಕೊಂಡೆ. ಹಿಡಿದ ತೊಲೆಯನ್ನು ಇಳಿಸಿ ಊರಾಚೆ ಬಯಲಿನಲ್ಲಿ ಇಡಿಸುವುದೆಂದೂ, ಆ ಸ್ಥಳಕ್ಕೆ ಕಬ್ಬಿಣದ ತೊಲೆ ಹಾಕಿಸುವುದೆಂದೂ ತೀರ್ಮಾನವಾಯಿತು. ಖರ್ಚು ಹೆಚ್ಚು. "ಕಬ್ಬಿಣಕ್ಕೆ ನನ್ನದಿರಲಿ, ಔಷಧಕ್ಕೆ ಒಂದು ಕಾಸೂ ಬೇಡ" ಎಂದು ಹೇಳಿ ಅವರು ಹಣ ಕೊಟ್ಟರು. ಗೋಡೆಯೊಳಗೆ ಉಳಿದ ಗೆದ್ದಲಿನ ಗತಿಯೇನೆಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇದು ಸರ್ಕಾರದ ಕೆಲಸವಲ್ಲವೇ ಎಂದವರು ಅನೇಕರು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ ಆರಂಭವಾಯಿತು. ಮೊದಲ ಪ್ರಾಯೋಗಿಕ ಕೇಂದ್ರಗಳಲ್ಲಿ ನಮ್ಮ ನೆರೆಯ ತಿರುಮಕೂಡಲು ನರಸೀಪುರವೂ ಒಂದು. 2023ರಲ್ಲಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತರಿಯ ಕೂಲಿಕಾರ ತಾಯಂದಿರಿಗಾಗಿ ಕೂಸಿನ ಮನೆಗಳನ್ನು ಪ್ರಕಟಿಸಿತು. ಇವೆಲ್ಲ ಸ್ತುತ್ಯರ್ಹ. ಆದರೂ ಗಡಿ ದಾಟಿ ಖಾಸಗಿ ಹೊಲಕ್ಕೆ ಹೋಗಿ ಕತ್ತಲಾದ ಮೇಲೆ ಹಿಂದಿರುಗುವ ತಾಯಿಯ ಹೊತ್ತು ಯಾವ ಯೋಜನೆಯ ಹೊತ್ತಿಗೂ ಸರಿಹೊಂದದು.

ಇನ್ನು ಕೆಲವರು ತಗ್ಗಿದ ದನಿಯಲ್ಲಿ ಕೇಳಿದ್ದು: ಅಲ್ಲಿರುವ ಮಕ್ಕಳಲ್ಲಿ ನಮ್ಮವರು ಎಷ್ಟು? ನಿಜ ಹೇಳಬೇಕೆಂದರೆ ಒಬ್ಬರೂ ಇಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆಹಾರ, ಔಷಧ, ಉಪಕರಣಗಳ ಜೊತೆಗೆ ಆವಾಸವನ್ನೂ, ಎಂದರೆ ತಂಗುವ ನೆಲೆಯನ್ನೂ, ದಾನವೆಂದು ಎಣಿಸಿದ್ದಾರೆ. ಅದು ಸಂಯಮಿಗಳ ಸೇವೆಯ ಪ್ರಕರಣದಲ್ಲಿ ಬಂದ ಮಾತೆಂಬುದನ್ನು ಮರೆಮಾಚಲಾರೆ. ಆದರೆ ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಪಾತ್ರದತ್ತಿಯಿಂದ ಬೇರೆಯಾಗಿ ದಯಾದತ್ತಿಯೆಂಬುದು ಇದೆ. ಅನುಗ್ರಹಕ್ಕೆ ತಕ್ಕ ಜೀವಿಗಳಿಗೆಲ್ಲ ಅನುಕಂಪೆಯಿಂದ ಅಭಯ ಕೊಡುವುದು ಅದರ ಲಕ್ಷಣ. ಅಲ್ಲಿ ಕುಲಗೋತ್ರದ ವಿಚಾರಣೆಯಿಲ್ಲ. ಬೀಳದ ಮಾಡು ಮಗುವಿಗೆ ಅಭಯವಲ್ಲದೆ ಮತ್ತೇನು?

ದೂರ ಹೋಗಬೇಕಾಗಿಯೂ ಇಲ್ಲ. ಚಾಮರಾಜನಗರಕ್ಕೆ ಅರಿಕುಠಾರವೆಂಬ ಹೆಸರಿದ್ದ ಕಾಲದಲ್ಲಿ, 1117ರಲ್ಲಿ, ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯನು ಅಲ್ಲಿ ಬಸದಿ ಕಟ್ಟಿಸಿದ. ನೀಲಗಿರಿಯವರೆಗೆ ದಂಡು ನಡೆಸಿದ ಯೋಧನಾತ. ಆದರೆ ಅಲ್ಲಿಯ ಶಾಸನ ಅವನ ಯುದ್ಧಗಳನ್ನು ಹೇಳಿ ನಿಲ್ಲುವುದಿಲ್ಲ. ವ್ಯಾಪಾರದಲ್ಲಿ ಕೆಟ್ಟವನಿಗೆ, ಬಿತ್ತಲು ಬೀಜವಿಲ್ಲದ ಒಕ್ಕಲಿಗನಿಗೆ, ಅಧಿಕಾರ ಕಳೆದುಕೊಂಡ ಕಿರಾತ ನಾಯಕನಿಗೆ ಅವರವರು ಕಳೆದುಕೊಂಡದ್ದನ್ನು ಕೊಟ್ಟು ಆತ ಕಾಪಾಡಿದನೆಂದು ಅದು ತಿಳಿಸುತ್ತದೆ; ಗಂಗವಾಡಿಯ ಬಸದಿಗಳನ್ನು ಹಿಂದಿನ ಗಂಗರಂತೆ ಶೋಭೆಗೊಳಿಸಿದನೆಂದೂ ಹೇಳುತ್ತದೆ. ಇತರರು ಕಟ್ಟಿದ್ದನ್ನು ಉಳಿಸುವುದೂ ಕೆಟ್ಟವರನ್ನು ಎತ್ತಿ ನಿಲ್ಲಿಸುವುದೂ ಒಂದೇ ಶಾಸನದಲ್ಲಿ ಕೂಡಿ ಬಂದಿವೆ. ಆ ಒಕ್ಕಲಿಗ ಜೈನನೇ ಎಂದು ಶಾಸನ ವಿಚಾರಿಸುವುದಿಲ್ಲ.

ಜೀರ್ಣೋದ್ಧಾರದ ಪುಣ್ಯ ಹೊಸದಾಗಿ ಕಟ್ಟಿಸುವುದರ ಪುಣ್ಯಕ್ಕಿಂತ ಮಿಗಿಲೆಂಬ ಮಾತು ನಮ್ಮಲ್ಲಿ ಹಿಂದಿನಿಂದ ಬಂದಿದೆ. ಆದರೂ ಹೊಸ ಕೊಠಡಿಯೆಂದರೆ ಲಕ್ಷ ಕೊಡುವ ಕೈ ಹಳೆಯ ಹೆಂಚಿಗೆ ಐನೂರಾ ಒಂದು ಕೊಡುತ್ತದೆ. ಕಾರಣ ಸ್ಪಷ್ಟ. ಹೆಂಚಿನ ಮೇಲೆ ಹೆಸರು ಬರೆಸಲಾಗದು. ಹೆಸರೇ ದೋಷವೆಂದು ನಾನು ಹೇಳಲಾರೆ. ಕಲ್ಲಿನ ಮೇಲೆ ಹೆಸರಿಲ್ಲದಿದ್ದರೆ ಪುಣಿಸಮಯ್ಯನನ್ನು ನಾವು ಅರಿಯುತ್ತಲೇ ಇರಲಿಲ್ಲ. ಆದರೆ ಆ ಕಲ್ಲಿನಲ್ಲಿ ಪಡೆದವರೂ ಇದ್ದಾರೆ. ನಮ್ಮ ಶಿಲಾಫಲಕಗಳಲ್ಲಿ ಇರುವವರು ಕೊಟ್ಟವರು, ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು ಮಾತ್ರ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಶ್ರೀಮಂತ ದಾನಿಗಳೊಬ್ಬರು ಇಡೀ ವೆಚ್ಚವನ್ನು ತಾವೇ ವಹಿಸಲು ಮುಂದೆ ಬಂದರು. ಹಜಾರವನ್ನು ವಿಸ್ತರಿಸಿ ತಮ್ಮ ತಂದೆಯವರ ಹೆಸರಿನ ಕಲ್ಯಾಣ ಮಂಟಪ ಮಾಡಬೇಕು. ಬಾಡಿಗೆ ಬರುತ್ತದೆ, ಅದರಲ್ಲಿಯೇ ಶಿಶುವಿಹಾರವೂ ನಡೆಯುತ್ತದೆ ಎಂಬುದು ಅವರ ಷರತ್ತು. ಸಮಿತಿಯ ಸಭೆಯಲ್ಲಿ ಇದನ್ನು ಮೊದಲು ಬೆಂಬಲಿಸಿದವನು ನಾನೇ. ವಾಣಿಜ್ಯ ಪದವಿ ಪಡೆದವನಾದ್ದರಿಂದ ಕಾಗದ ತೆಗೆದು ವರ್ಷಕ್ಕೆ ಇಷ್ಟು ಲಗ್ನ, ಇಷ್ಟು ಬಾಡಿಗೆ ಎಂದು ಆಯ ವ್ಯಯ ಬರೆದು ತೋರಿಸಿದೆ. ಚಹ ತಂದಿಟ್ಟ ಆಯಾ ಬಾಗಿಲಲ್ಲಿಯೇ ನಿಂತು ಕೇಳಿದಳು: "ಲಗ್ನದ ದಿವಸ ಮಕ್ಕಳನ್ನ ಎಲ್ಲಿ ಕೂರಿಸಲಿ, ಸಾಹುಕಾರ್ರೇ?" ನನ್ನ ಕಾಗದದಲ್ಲಿ ಅದಕ್ಕೆ ಕಲಂ ಇರಲಿಲ್ಲ. ಮುಹೂರ್ತಗಳು ಕೂಲಿಯ ದಿನಗಳನ್ನು ನೋಡಿ ಬರುವುದಿಲ್ಲ. ಯಾರಿಗಾಗಿ ದಾನ ಕೇಳಿದೆವೋ ಅವರನ್ನೇ ವರ್ಷದಲ್ಲಿ ಎಷ್ಟೋ ದಿನ ಹೊರಗೆ ಹಾಕುವ ಕಟ್ಟಡಕ್ಕೆ ನಾನು ಕೈಯೆತ್ತಿದ್ದೆ. ಅದು ಕೊಡುವವರಿಗೂ ಕೊಳ್ಳುವವರಿಗೂ ಲಾಭದ ಒಳ್ಳೆಯ ವ್ಯಾಪಾರವಾಗಿತ್ತು. ವ್ಯಾಪಾರಿಯಾದ ನನಗೆ ಅದು ವ್ಯಾಪಾರವೆಂದು ಮೊದಲು ಹೊಳೆಯಬೇಕಿತ್ತು.

ಷರತ್ತನ್ನು ಬಿಡಬೇಕೆಂದು ಅವರಿಗೆ ವಿನಯದಿಂದ ಬರೆದಿದ್ದೇವೆ. ಉತ್ತರ ಬಂದಿಲ್ಲ. ಈ ನಡುವೆ ಮಂಡಿಯ ಹಳೆಯ ಪದ್ಧತಿಯಾದ ಧರ್ಮಾದಾಯವನ್ನು ಕೆಲವರು ಮತ್ತೆ ಹಿಡಿದಿದ್ದೇವೆ. ಬಿಲ್ಲಿನಲ್ಲಿ ಮೂಟೆಗಿಷ್ಟೆಂದು ಬೇರೆಯಾಗಿ ಬರೆದು, ಧರ್ಮಕ್ಕೆಂದೇ ಎತ್ತಿಡುವ ಹಣ ಅದು. ಹೀಗೆ ಗಿರಾಕಿಯಿಂದ ಪಡೆದ ಹಣ ವ್ಯಾಪಾರಿಯ ಆದಾಯವಲ್ಲವೆಂದು ಬಿಜ್ಲಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತ್ತು. ನ್ಯಾಯವಾದ ಮಾತು: ಕೊಟ್ಟವನು ಗಿರಾಕಿ, ನಾವು ಹೊತ್ತು ತಲುಪಿಸುವವರು. ಹಾಗಿರುವಾಗ ಫಲಕದ ಪ್ರಶ್ನೆಯೂ ಏಳುವುದಿಲ್ಲ.

ನನ್ನ ಅಂಗಡಿಯ ಕಟ್ಟಡಕ್ಕೆ ಪ್ರತಿ ವರ್ಷ ನೂರಕ್ಕೆ ಹತ್ತರಂತೆ ಸವಕಳಿ ಬರೆಯುತ್ತ ಬಂದವನು ನಾನು. ಶಿಶುವಿಹಾರದ ಖಜಾಂಚಿಯಾಗಿ ಇದ್ದ ಅಷ್ಟೂ ವರ್ಷ ಅದರ ಲೆಕ್ಕದಲ್ಲಿ ಸವಕಳಿಯೆಂಬ ಪದವನ್ನೇ ಬರೆದಿರಲಿಲ್ಲ. ಈ ವರ್ಷದ ಖಾತೆಯಲ್ಲಿ ಹೆಂಚು ಕೈಯಾಡಿಸುವ ಬಾಬ್ತು ಎಂದು ಹೊಸ ತಲೆಬರಹ ತೆರೆದಿದ್ದೇನೆ. ತೊಲೆಗೆ ಮುಂಗಡ ಕೊಟ್ಟಾಗಿದೆ. ಹೆಂಚಿಗೆ ಇನ್ನೂ ಅರ್ಧ ಹಣ ಕೂಡಬೇಕು. ಅಲ್ಲಿಯವರೆಗೆ ಮಕ್ಕಳನ್ನು ನಡುತೊಲೆಯ ಕೆಳಗೆ ಮಲಗಿಸದೆ ಪಕ್ಕದ ಕೋಣೆಯಲ್ಲಿ ಮಲಗಿಸುತ್ತಿದ್ದಾರೆ; ಹುಡುಗರು ಕೇರಂ ಹಲಗೆಯನ್ನು ಜಗಲಿಗೆ ಒಯ್ದಿದ್ದಾರೆ.