ಆ ಅರ್ಧ ಗಂಟೆ

ಬೆಳಗಿನ ಐದರಿಂದ ಐದೂವರೆಯ ತನಕದ ಹೊತ್ತನ್ನು ಮದುವೆಯಾಗಿ ಧಾರವಾಡಕ್ಕೆ ಬಂದಾಗಿನಿಂದ ನಾನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಮನೆಯವರೆಲ್ಲ ಮಲಗಿರುತ್ತಾರೆ. ಸತ್ಯವೇದದ ಒಂದು ಅಧ್ಯಾಯ ಓದುವುದು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ದೇವರೆದುರು ಕೂಡುವುದು, ಇಷ್ಟೇ. ಆಮೇಲೆ ಒಲೆ, ಡಬ್ಬಿ, ಶಾಲೆಯ ಗಂಟೆ ಇದ್ದೇ ಇವೆ.

ಎರಡು ವರ್ಷದ ಹಿಂದೆ ಅತ್ತೆಯವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡು ಹಾಸಿಗೆ ಹಿಡಿದರು. ಒಂದು ಬೆಳಿಗ್ಗೆ ನಾನು ಪ್ರಾರ್ಥನೆಗೆ ಕುಳಿತಿದ್ದಾಗ ಕರೆದರು. ಇನ್ನು ಹತ್ತೇ ನಿಮಿಷ ಎಂದುಕೊಂಡು ಕೂತೇ ಇದ್ದೆ. ಮತ್ತೊಮ್ಮೆ ಕರೆದರು. ಪ್ರಾರ್ಥನೆ ಮುಗಿಸಿ ಹೋಗುವಷ್ಟರಲ್ಲಿ ಹಾಸಿಗೆ ಒದ್ದೆಯಾಗಿತ್ತು. ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡು, "ನಾ ಕರದದ್ದು ದೇವರಿಗೆ ಕೇಳಿಸಿರತದ. ನಿನಗ ಕೇಳಿಸಲಿಲ್ಲೇನವಾ?" ಎಂದರು.

ಅಂದು ಶಾಲೆಯಲ್ಲಿ ಏನು ಪಾಠ ಮಾಡಿದೆನೋ ತಿಳಿಯದು. ಸಂಜೆ ಬರುವಾಗ ಒಂದು ನಿರ್ಧಾರ ಮಾಡಿದೆ. ಇನ್ನು ಸೇವೆಯೇ ನನ್ನ ಪ್ರಾರ್ಥನೆ, ಬೇರೆ ಹೊತ್ತು ಬೇಡ. ಕೇಳಲು ಎಷ್ಟು ಚೆನ್ನಾದ ಮಾತು!

ಮೂರು ತಿಂಗಳು ಹಾಗೇ ನಡೆಯಿತು. ಅತ್ತೆಯವರ ಆರೈಕೆಯಲ್ಲಿ ಏನೂ ಕೊರತೆಯಾಗಲಿಲ್ಲ. ಆದರೆ ನನ್ನೊಳಗೆ ಒಂದು ಲೆಕ್ಕದ ಪುಸ್ತಕ ತೆರೆದುಕೊಂಡಿತು. ನಾನು ಎಷ್ಟು ಮಾಡಿದೆ, ನಾದಿನಿ ಎಷ್ಟು ಮಾಡಿದಳು, ಯಾರು ಮೆಚ್ಚಿ ಒಂದು ಮಾತಾಡಿದರು, ಯಾರು ಆಡಲಿಲ್ಲ ಎಂದು ಬರೆದಿಡುತ್ತ ಹೋದೆ. ನೋಟುಪುಸ್ತಕ ಮರೆತು ಬಂದ ಹುಡುಗಿಯೊಬ್ಬಳನ್ನು ಇಡೀ ತರಗತಿಯೆದುರು ಅಳಿಸಿದೆ. ನಾನಿಲ್ಲದಿದ್ದರೆ ಈ ಮನೆ, ಈ ಶಾಲೆ ನಡೆದೀತೇ ಎಂಬ ಹೆಮ್ಮೆ ಒಂದು ಕಡೆ. ನಿವೃತ್ತಿಯಾದ ಮೇಲೆ, ಅತ್ತೆಯವರೂ ಹೋದ ಮೇಲೆ ನಾನು ಯಾರಿಗೆ ಬೇಕು ಎಂಬ ಭಯ ಇನ್ನೊಂದು ಕಡೆ. ಎರಡೂ ಒಂದೇ ಬೇರಿನವು ಎಂದು ಆಗ ತಿಳಿದಿರಲಿಲ್ಲ.

ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಒಂದು ಪ್ರಸಂಗವಿದೆ. ಕಪೆರ್ನೌಮಿನಲ್ಲಿ ರಾತ್ರಿಯವರೆಗೆ ರೋಗಿಗಳನ್ನು ಗುಣಪಡಿಸಿದ ಯೇಸುಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು ಏಕಾಂತಕ್ಕೆ ಹೋಗಿ ಪ್ರಾರ್ಥಿಸುತ್ತಾರೆ. ಶಿಷ್ಯರು ಹುಡುಕಿಕೊಂಡು ಬಂದು, ಎಲ್ಲರೂ ನಿಮ್ಮನ್ನು ಹುಡುಕುತ್ತಿದ್ದಾರೆ ಎನ್ನುತ್ತಾರೆ. ಆದರೂ ಸ್ವಾಮಿ ಆ ಊರಿಗೆ ಮರಳದೆ ಬೇರೆ ಊರುಗಳ ಕಡೆ ಹೊರಡುತ್ತಾರೆ. ತಾವು ಬಂದದ್ದು ಏಕೆಂಬುದು ಅವರಿಗೆ ಗೊತ್ತಿತ್ತು. ಜನ ಹುಡುಕುವುದರಿಂದ ಅದು ನಿರ್ಧಾರವಾಗುವಂಥದಾಗಿರಲಿಲ್ಲ. ನಾವು ಹೆಣ್ಣುಮಕ್ಕಳು ಮಾತ್ರ, ಎಲ್ಲರೂ ಹುಡುಕುವುದನ್ನೇ ಬದುಕಿನ ಉದ್ದೇಶವೆಂದು ನಂಬಿಬಿಡುತ್ತೇವೆ. ಹೌದೋ ಅಲ್ಲವೋ, ನೀವೇ ಹೇಳಿ.

ಹಾಗಾದರೆ ಅತ್ತೆಯವರ ಕರೆಗೆ ಏಳದೆ ಕುಳಿತದ್ದು ಸರಿಯೇ? ಖಂಡಿತ ಅಲ್ಲ. ಇಲ್ಲಿ ನನಗೆ ನೆನಪಾಗುವವರು ಸಹೋದರ ಲಾರೆನ್ಸ್. ಫ್ರಾನ್ಸಿನವರು. ಸೈನಿಕರಾಗಿ ಕಾಲಿಗೆ ಪೆಟ್ಟು ತಿಂದು, ಮುಂದೆ 1640ರಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠ ಸೇರಿದರು. ಅಲ್ಲಿ ಸಿಕ್ಕ ಕೆಲಸ ಅಡಿಗೆಯದು, ಅವರಿಗೆ ಸ್ವಭಾವತಃ ಒಗ್ಗದ್ದು. ಅದನ್ನೇ ವರ್ಷಗಟ್ಟಲೆ ಮಾಡಿದರು. ಪಾತ್ರೆಗಳ ಸದ್ದಿನಲ್ಲೂ ದೇವರ ಸನ್ನಿಧಿ ಮೊಣಕಾಲೂರಿದಾಗಿನಷ್ಟೇ ಹತ್ತಿರ ಎಂಬುದು ಅವರ ಅನುಭವ. 1691ರಲ್ಲಿ ತೀರಿಕೊಂಡ ಮೇಲೆ ಅವರ ಪತ್ರಗಳೂ ಸಂಭಾಷಣೆಗಳೂ ಪುಸ್ತಕವಾದವು. ನಾನು ಮೊದಲು ಓದಿದಾಗ, ನೋಡಿ, ಅಡಿಗೆಯೇ ಪ್ರಾರ್ಥನೆ ಎಂದು ಸಮಾಧಾನಪಟ್ಟುಕೊಂಡಿದ್ದೆ. ಎರಡನೆಯ ಸಲ ಓದಿದಾಗ ಕಂಡದ್ದು ಬೇರೆ. ಆ ಸ್ಥಿತಿಗೆ ಬರುವ ಮೊದಲು ಅವರು ಸುಮಾರು ಹತ್ತು ವರ್ಷ ಒಳಗೊಳಗೇ ತೊಳಲಿದ್ದರು. ಮನಸ್ಸು ಅಲೆದಾಗಲೆಲ್ಲ ಮತ್ತೆ ಮತ್ತೆ ದೇವರ ಕಡೆ ತಿರುಗಿಸಿ ಅಭ್ಯಾಸ ಮಾಡಿದ್ದರು. ನಾನು ಅಭ್ಯಾಸವನ್ನು ಬಿಟ್ಟು ಫಲವನ್ನಷ್ಟೇ ಕೇಳಿದ್ದೆ.

ಮರುದಿನ ಕುರ್ಚಿಯನ್ನು ಅತ್ತೆಯವರ ಕೋಣೆಗೇ ಒಯ್ದೆ. ಅವರು ಕರೆದಾಗ ಏಳುತ್ತಿದ್ದೆ, ಕೆಲಸ ಮುಗಿಸಿ ಬಂದು ಮತ್ತೆ ಕೂಡುತ್ತಿದ್ದೆ. ಕೆಲವು ದಿನ ಮೂರು ಸಲ ಎದ್ದದ್ದೂ ಉಂಟು. ಏಳುವಾಗ ಸಿಡುಕು ಬಂದರೆ, ನಾನು ಇಷ್ಟು ಹೊತ್ತು ಕೂತದ್ದು ದೇವರ ಜೊತೆಯಲ್ಲ, ನನ್ನ ನೇಮದ ಜೊತೆ ಎಂದು ತಿಳಿಯುತ್ತಿತ್ತು. ಆ ಹುಡುಗಿಯನ್ನೂ ಕರೆದು, "ತಪ್ಪು ನನ್ನದು" ಎಂದೆ. ಅವಳಿಗೆ ನನಗಿಂತ ಹೆಚ್ಚು ನಾಚಿಕೆಯಾಯಿತು.

ಹೋದ ಶ್ರಾವಣದಲ್ಲಿ ಅತ್ತೆಯವರು ತೀರಿಕೊಂಡರು. ಇನ್ನೆರಡು ವರ್ಷಕ್ಕೆ ನನ್ನ ನಿವೃತ್ತಿ. ಐದು ಗಂಟೆಗೆ ಈಗ ಯಾರೂ ಕರೆಯುವುದಿಲ್ಲ. ಮೊದಮೊದಲು ಆ ಮೌನ ಹೆದರಿಸಿತು. ಆದರೂ ಆ ಕುರ್ಚಿಯಲ್ಲಿ ಕೂತಾಗ, ಯಾರಿಗೂ ಬೇಕಾಗದ ಹೊತ್ತಿನಲ್ಲೂ ನಾನು ಒಬ್ಬರಿಗೆ ಬೇಕಾದವಳು ಎಂದು ಅನ್ನಿಸುತ್ತದೆ. ಉದ್ದೇಶ ಎನ್ನುವುದು ಅಲ್ಲಿಂದ ಶುರುವಾಗಬೇಕು. ಕೆಲಸಗಳು ಬರುತ್ತವೆ, ಹೋಗುತ್ತವೆ. ಕುರ್ಚಿಯನ್ನು ಮಾತ್ರ ನಾನಿನ್ನೂ ಆ ಕೋಣೆಯಿಂದ ತೆಗೆದಿಲ್ಲ.