ಎಂಜಿನ್ ಇಲ್ಲದ ಮೋಟಾರು ವಾಹನ: ಪರತಂತ್ರ ವಸ್ತುವಿನ ಗುರುತನ್ನು ಕುರಿತು

1988ರ ಮೋಟಾರು ವಾಹನ ಕಾಯ್ದೆಯ 2ನೆಯ ಪ್ರಕರಣವು ಮೋಟಾರು ವಾಹನವೆಂದರೆ ಯಂತ್ರಬಲದಿಂದ ಚಲಿಸುವ, ರಸ್ತೆಯ ಬಳಕೆಗೆ ತಕ್ಕುದಾದ ವಾಹನವೆಂದು ಹೇಳಿ, ಅದೇ ಉಸಿರಿನಲ್ಲಿ ಟ್ರೇಲರನ್ನೂ ಆ ವರ್ಗಕ್ಕೆ ಸೇರಿಸುತ್ತದೆ. ಟ್ರೇಲರ್ ಎಂದರೆ ಬೇರೊಂದು ಮೋಟಾರು ವಾಹನ ಎಳೆಯುವ, ಅಥವಾ ಎಳೆಯಲೆಂದೇ ಸಿದ್ಧಪಡಿಸಿದ ವಾಹನ. ಅದರಲ್ಲಿ ಎಂಜಿನ್ ಇಲ್ಲ, ಚಾಲಕನಿಗೆ ಆಸನವಿಲ್ಲ, ಕೊಂಡಿ ಕಳಚಿದರೆ ನಿಂತಲ್ಲೇ ನಿಲ್ಲುತ್ತದೆ. ಆದರೂ ಮೈಸೂರಿನ ನಜರ್‌ಬಾದ್‌ನಲ್ಲಿ ನೆಲೆಸಿದ ಒಬ್ಬನು ತನ್ನ ಸಣ್ಣ ದೋಣಿಯನ್ನು ಕಬಿನಿಯ ಹಿನ್ನೀರಿಗೆ ಒಯ್ಯಲು ಎರಡು ಗಾಲಿಯ ಟ್ರೇಲರೊಂದನ್ನು ಕೊಂಡರೆ, ಕಾರಿಗೆ ಈಗಾಗಲೇ ನೋಂದಣಿಯಾಗಿದೆಯೆಂಬ ಕಾರಣಕ್ಕೆ ಟ್ರೇಲರಿಗೆ ವಿನಾಯಿತಿ ಸಿಗುವುದಿಲ್ಲ. ಅದೇ ಕಾಯ್ದೆಯ 39ನೆಯ ಪ್ರಕರಣದಂತೆ ಅದಕ್ಕೂ ಪ್ರತ್ಯೇಕ ನೋಂದಣಿ ಆಗಲೇಬೇಕು. ತಾನಾಗಿ ಚಲಿಸಲಾರದ, ಸದಾ ಇನ್ನೊಂದರ ಬೆನ್ನಿಗಂಟಿದ ವಸ್ತುವಿಗೆ ತನ್ನದೇ ಆದ ಗುರುತು ಯಾವ ನೆಲೆಯಲ್ಲಿ ಸಲ್ಲುತ್ತದೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಇದು ಸಾರಿಗೆ ಇಲಾಖೆ ಹುಟ್ಟುಹಾಕಿದ ಪ್ರಶ್ನೆಯಲ್ಲ. ಕನ್ನಡನಾಡಿನ ದಾರ್ಶನಿಕರು ಶತಮಾನಗಳ ಹಿಂದೆಯೇ ಇದನ್ನು ಜೀವ, ಜಗತ್ತು ಮತ್ತು ಈಶ್ವರರ ಸಂಬಂಧದಲ್ಲಿ ಎತ್ತಿಕೊಂಡು ಚರ್ಚಿಸಿದ್ದಾರೆ.

ನೋಂದಣಿಯ ಕ್ರಮವನ್ನು ಹತ್ತಿರದಿಂದ ನೋಡಿದರೆ ಪ್ರಶ್ನೆಯ ಸ್ವರೂಪ ಸ್ಪಷ್ಟವಾಗುತ್ತದೆ. ಆರ್‌ಟಿಒ ಕಚೇರಿಯಲ್ಲಿ ಅರ್ಜಿ, ಮಾರಾಟ ಪತ್ರ, ವಿಮೆಯ ಪತ್ರಗಳ ಜೊತೆಗೆ, ಕೆಲವು ಸಂದರ್ಭಗಳಲ್ಲಿ, ವಾಹನವನ್ನೂ ಹಾಜರುಪಡಿಸಬೇಕಾಗುತ್ತದೆ. ಚೌಕಟ್ಟಿನ ಉಕ್ಕಿನ ಮೇಲೆ ಕೊರೆದ ಚಾಸಿ ನಂಬರಿನ ಮೇಲೆ ತೆಳುವಾದ ಕಾಗದವಿಟ್ಟು, ಸೀಸದ ಕಡ್ಡಿಯನ್ನು ಅಡ್ಡಡ್ಡಲಾಗಿ ಉಜ್ಜಿ, ಅಂಕಿಗಳು ಬೆಳ್ಳಗೆ ಎದ್ದುಬರುವಂತೆ ಅಚ್ಚು ತೆಗೆಯುವುದು ಇಂದಿಗೂ ಪರಿಚಿತವಾದ ಪದ್ಧತಿ. ಹೀಗೆ ಪಡೆದ ನೋಂದಣಿ ಸಂಖ್ಯೆ ಟ್ರೇಲರಿನ ಎಡಬದಿಯಲ್ಲಿರುತ್ತದೆ. ಹಿಂಬದಿಯಲ್ಲಾದರೋ ಅದನ್ನು ಎಳೆಯುತ್ತಿರುವ ವಾಹನದ ಸಂಖ್ಯೆಯನ್ನು ತೋರಿಸಬೇಕು. ಒಂದೇ ಒಡಲಿನ ಮೇಲಿನ ಈ ಎರಡು ಸಂಖ್ಯೆಗಳಲ್ಲಿ ಮೊದಲನೆಯದು ಆ ವಸ್ತು ಯಾವುದೆಂಬುದನ್ನು ಹೇಳಿದರೆ, ಎರಡನೆಯದು ಅದು ಸದ್ಯ ಯಾವುದರ ಅಧೀನದಲ್ಲಿದೆ ಎಂಬುದನ್ನು ಹೇಳುತ್ತದೆ. ಎಳೆಯುವ ವಾಹನ ಬದಲಾದರೆ ಹಿಂದಿನ ಸಂಖ್ಯೆಯೂ ಬದಲಾಗುತ್ತದೆ, ಎಡಬದಿಯದು ಬದಲಾಗುವುದಿಲ್ಲ.

ವಸ್ತು ಯಾವುದು ಎಂಬ ಮೊದಲ ಸಂಗತಿಯೇ ಅಷ್ಟು ಸುಲಭವಲ್ಲ ಎಂಬುದಕ್ಕೆ ನಜರ್‌ಬಾದ್‌ನ ನೆಲವೇ ಸಾಕ್ಷಿ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಟಿಪ್ಪು ಸುಲ್ತಾನನು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳನ್ನು ಸಮೀಪದ ದಿಣ್ಣೆಗೆ ಸಾಗಿಸಿ, ಹೊಸ ಕೋಟೆಯೊಂದನ್ನು ಕಟ್ಟಿಸಲು ತೊಡಗಿ ಅದಕ್ಕೆ ನಜರ್‌ಬಾದ್ ಎಂದು ಹೆಸರಿಟ್ಟನು. 1799ರಲ್ಲಿ ಅವನು ಮಡಿದ ಮೇಲೆ, ಒಡೆಯರ ಆಳ್ವಿಕೆ ಮರಳಿ ಸ್ಥಾಪನೆಯಾದಾಗ, ಅವೇ ಕಲ್ಲುಗಳು ಮತ್ತೆ ಹಿಂದಿನ ಜಾಗಕ್ಕೆ ಬಂದು ಮೈಸೂರು ಕೋಟೆಯಾದವು. ಕಲ್ಲುಗಳು ಎರಡು ಬಾರಿ ಪಯಣಿಸಿದವು. ಮರಳಿ ಎದ್ದದ್ದು ಮೊದಲಿನ ಕೋಟೆಯೋ ಮೂರನೆಯ ಕೋಟೆಯೋ ಎಂಬುದನ್ನು ಕಲ್ಲುಗಳಿಂದಲೇ ನಿರ್ಣಯಿಸಲು ಬರುವುದಿಲ್ಲ. ಗ್ರೀಕರು ಥೀಸಿಯಸ್‌ನ ಹಡಗಿನ ಹಲಗೆಗಳನ್ನು ಮುಂದಿಟ್ಟುಕೊಂಡು ಕೇಳಿದ ಪ್ರಶ್ನೆಯನ್ನು ಮೈಸೂರು ತನ್ನ ಕೋಟೆಯ ಕಲ್ಲುಗಳಲ್ಲಿ ನಿಜವಾಗಿಯೇ ಅನುಭವಿಸಿದೆ.

ಭಾರತೀಯ ದರ್ಶನಗಳಲ್ಲಿ ಇದು ಅವಯವ ಮತ್ತು ಅವಯವಿಗಳ ವಿವಾದ, ಅಂದರೆ ಬಿಡಿಭಾಗಗಳು ಮತ್ತು ಅವುಗಳಿಂದಾದ ಇಡಿಯ ನಡುವಣ ಸಂಬಂಧದ ವಿವಾದ. ಪಾಳಿಯ ಮಿಲಿಂದಪ್ರಶ್ನದಲ್ಲಿ ಭಿಕ್ಷು ನಾಗಸೇನನು ಅರಸ ಮಿಲಿಂದನನ್ನು, ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ ಎಂದು ಒಂದೊಂದಾಗಿ ಕೇಳಿ, ರಥವೆಂಬುದು ಅವುಗಳನ್ನು ಆಶ್ರಯಿಸಿದ ವ್ಯವಹಾರದ ಹೆಸರು ಮಾತ್ರವೆಂದು ತೋರಿಸುತ್ತಾನೆ. ನೈಯಾಯಿಕರು ಇದನ್ನು ಒಪ್ಪದೆ, ಅವಯವಿಯು ಅವಯವಗಳಿಗಿಂತ ಬೇರೆಯಾದ ನಿಜ ದ್ರವ್ಯವೆಂದೂ, ಸಮವಾಯವೆಂಬ ಅಗಲದ ಸಂಬಂಧದಿಂದ ಅವುಗಳಲ್ಲಿ ನೆಲೆಸಿದೆಯೆಂದೂ ವಾದಿಸುತ್ತಾರೆ. ಕಾನೂನು ಈ ವಿವಾದಕ್ಕೆ ಇಳಿಯದೆ ನಡುವಿನ ಒಂದು ದಾರಿಯನ್ನು ಹಿಡಿದಿದೆ: ಗಾಲಿ, ಟೈರು, ದೀಪಗಳು ಸವೆದು ಬದಲಾದರೂ ಟ್ರೇಲರ್ ಅದೇ, ಏಕೆಂದರೆ ಸಂಖ್ಯೆ ಕೊರೆದ ಚಾಸಿ ಅದೇ.

ಆದರೆ ಟ್ರೇಲರಿನ ವಿಷಯದಲ್ಲಿ ತಿರುಳಿರುವುದು ಎರಡನೆಯ ಸಂಗತಿಯಲ್ಲಿ, ಅಧೀನತೆಯಲ್ಲಿ. ಮೈಸೂರಿನಿಂದ ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರು ಶ್ರೀಭಾಷ್ಯದಲ್ಲಿ ಶರೀರವೆಂಬುದಕ್ಕೆ ಕೊಟ್ಟ ಲಕ್ಷಣ ಇಲ್ಲಿ ತಕ್ಷಣ ನೆನಪಾಗುತ್ತದೆ: ಒಂದು ಚೇತನವು ಯಾವ ದ್ರವ್ಯವನ್ನು ತನ್ನ ಪ್ರಯೋಜನಕ್ಕಾಗಿ ಎಲ್ಲ ಬಗೆಯಲ್ಲೂ ನಿಯಮಿಸಬಲ್ಲದೋ, ಧರಿಸಬಲ್ಲದೋ, ಮತ್ತು ಯಾವುದಕ್ಕೆ ಆ ಚೇತನಕ್ಕೆ ಶೇಷವಾಗಿರುವುದೇ, ಅಂದರೆ ಅದರ ಸಲುವಾಗಿರುವುದೇ ಸ್ವರೂಪವೋ, ಅದು ಆ ಚೇತನದ ಶರೀರ. ಟ್ರೇಲರ್ ಈ ಲಕ್ಷಣಕ್ಕೆ ಒಪ್ಪುವಂತೆ ತೋರಿದರೂ ಎರಡು ಕಡೆ ತಪ್ಪಿಹೋಗುತ್ತದೆ. ಮೊದಲನೆಯದಾಗಿ, ಎಳೆಯುವ ಕಾರು ಚೇತನವಲ್ಲ, ಅದೂ ಜಡವೇ. ನಿಯಮಿಸುವ ಚೇತನವನ್ನು ಹುಡುಕಿದರೆ ಚಾಲಕನವರೆಗೆ, ಒಡೆಯನವರೆಗೆ ಹೋಗಬೇಕಾಗುತ್ತದೆ, ಮತ್ತು ಹೊಣೆಯನ್ನು ಹೊರಿಸುವಾಗ ಕಾಯ್ದೆಯೂ ಅಲ್ಲಿಗೇ ಹೋಗುತ್ತದೆ. ಎರಡನೆಯದಾಗಿ, ಶರೀರವು ಆತ್ಮನಿಂದ ಬೇರ್ಪಟ್ಟು ಇರಲಾರದು, ಇದನ್ನು ವಿಶಿಷ್ಟಾದ್ವೈತಿಗಳು ಅಪೃಥಕ್‌ಸಿದ್ಧಿ ಎನ್ನುತ್ತಾರೆ. ಟ್ರೇಲರಾದರೋ ಕೊಂಡಿ ಕಳಚಿದ ಮೇಲೂ ಮನೆಯ ಅಂಗಳದಲ್ಲಿ ಟ್ರೇಲರಾಗಿಯೇ ನಿಂತಿರುತ್ತದೆ.

ಈ ಕೊರತೆಯನ್ನು ತುಂಬುವುದು ಮಧ್ವಾಚಾರ್ಯರ ವಿಚಾರ. ಅವರ ತತ್ತ್ವಸಂಖ್ಯಾನವು ಇರುವುದೆಲ್ಲವನ್ನೂ ಸ್ವತಂತ್ರ ಮತ್ತು ಪರತಂತ್ರ ಎಂದು ಎರಡಾಗಿ ವಿಂಗಡಿಸುತ್ತದೆ. ವಿಷ್ಣುವೊಬ್ಬನೇ ಸ್ವತಂತ್ರ, ಉಳಿದುದೆಲ್ಲವೂ ಪರತಂತ್ರ. ಪರತಂತ್ರವಾದ ಮಾತ್ರಕ್ಕೆ ವಸ್ತು ಸುಳ್ಳಾಗುವುದಿಲ್ಲ, ಇನ್ನೊಂದರಲ್ಲಿ ಕರಗಿಯೂ ಹೋಗುವುದಿಲ್ಲ ಎಂಬುದು ಅವರ ದೃಢವಾದ ನಿಲುವು. ಅವರು ಹೇಳಿದ ಪಂಚಭೇದಗಳಲ್ಲಿ, ಅಂದರೆ ಐದು ಬಗೆಯ ನಿಜವಾದ ವ್ಯತ್ಯಾಸಗಳಲ್ಲಿ, ಒಂದು ಜಡವಸ್ತುವಿಗೂ ಇನ್ನೊಂದು ಜಡವಸ್ತುವಿಗೂ ಇರುವ ಭೇದವೂ ಸೇರಿದೆ. ಒಂದೇ ವರ್ಕ್‌ಷಾಪಿನಲ್ಲಿ ಒಂದೇ ಅಳತೆಗೆ ಬೆಸುಗೆ ಹಾಕಿದ ಎರಡು ಟ್ರೇಲರುಗಳು ನೋಟಕ್ಕೆ ಒಂದೇ ಆಗಿದ್ದರೂ ಅವು ಎರಡೇ. ಚಾಸಿಯ ಸಂಖ್ಯೆ ಆ ಭೇದವನ್ನು ಉಂಟುಮಾಡುವುದಿಲ್ಲ, ಮೊದಲೇ ಇರುವ ಭೇದವನ್ನು ಬರೆದಿಡುತ್ತದೆ. ಅಧೀನತೆ ಮತ್ತು ಪ್ರತ್ಯೇಕತೆ ಒಂದಕ್ಕೊಂದು ವಿರುದ್ಧವೆಂದು ಭಾವಿಸುವವರಿಗೆ ಈ ದರ್ಶನ ಕೊಡುವ ಉತ್ತರ ಬಲವಾದದ್ದು, ಮತ್ತು ಟ್ರೇಲರಿನ ಎರಡು ಸಂಖ್ಯೆಗಳ ನಿಯಮಕ್ಕೆ ಇದಕ್ಕಿಂತ ಸಮರ್ಪಕವಾದ ತಾತ್ವಿಕ ಸಮರ್ಥನೆ ದೊರೆಯುವುದು ಕಷ್ಟ.

ಜನರ ಆಚರಣೆಯೂ ಇದೇ ದಿಕ್ಕಿನಲ್ಲಿದೆ. ಮಹಾನವಮಿಯ ಆಯುಧಪೂಜೆಯಂದು ಮೈಸೂರಿನ ಬೀದಿಗಳಲ್ಲಿ ವಾಹನಗಳನ್ನು ತೊಳೆದು, ವಿಭೂತಿ ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ, ಗಾಲಿಯಡಿ ನಿಂಬೆಹಣ್ಣಿರಿಸಿ, ಬೂದುಗುಂಬಳಕಾಯಿ ಒಡೆಯುವಾಗ, ಟ್ರ್ಯಾಕ್ಟರಿಗೆ ಸಂದ ಪೂಜೆ ಅದರ ಟ್ರೇಲರಿಗೂ ಬೇರೆಯಾಗಿ ಸಲ್ಲುತ್ತದೆ. ವಿಜಯದಶಮಿಯ ಬಳಿಕ ಚಾಮುಂಡಿ ಬೆಟ್ಟದಲ್ಲಿ ನಡೆಯುವ ರಥೋತ್ಸವದ ತೇರೂ ತಾನಾಗಿ ಚಲಿಸುವುದಲ್ಲ, ಭಕ್ತರು ಹಗ್ಗ ಹಿಡಿದು ಎಳೆಯಬೇಕು. ಆಮೇಲೆ ದೇವಿಕೆರೆಯ ತೆಪ್ಪೋತ್ಸವದಲ್ಲಿ ದೇವಿಯನ್ನು ಹೊರುವ ತೆಪ್ಪವೂ ಅಂಥದೇ. ಎಳೆಸಿಕೊಳ್ಳುವುದರಿಂದ ತೇರಿನ ಮರ್ಯಾದೆ ಕುಂದಿತೆಂದು ಯಾರೂ ಎಣಿಸಿಲ್ಲ.

ಇಷ್ಟಾದರೂ ಪೂಜೆ ಮತ್ತು ನೋಂದಣಿಗಳನ್ನು ಒಂದೇ ಎನ್ನಲಾಗದು. ಪೂಜೆಯು ವಸ್ತುವಿಗೂ ಅದರ ಒಡೆಯನಿಗೂ ನಡುವಣ ಋಣವನ್ನು ನೆನೆಯುತ್ತದೆ. ನೋಂದಣಿಯು ಆ ವಸ್ತುವಿನ ದೆಸೆಯಿಂದ ದಾರಿಹೋಕನಿಗೆ, ಎದುರು ಬರುವ ಸೈಕಲ್ ಸವಾರನಿಗೆ ಉಂಟಾಗುವ ಋಣವನ್ನು ಬರೆದಿಡುತ್ತದೆ. ಇಳಿಜಾರಿನಲ್ಲಿ ಕೊಂಡಿ ಕಳಚಿ ದೋಣಿಸಮೇತ ಹಿಂದಕ್ಕುರುಳಿದ ಟ್ರೇಲರ್ ಯಾರನ್ನಾದರೂ ಗಾಯಗೊಳಿಸಿದರೆ, ಜಡವಾದ ಅದು ಉತ್ತರ ಕೊಡಲಾರದು. ಅದರ ಪರವಾಗಿ ಉತ್ತರ ಕೊಡಬೇಕಾದ ಚೇತನ ಯಾರೆಂಬುದನ್ನು ಆರ್‌ಸಿ ಪುಸ್ತಕ ಹೇಳುತ್ತದೆ. ಪೂಜೆ ಮಾಡಿ ನೋಂದಣಿಯನ್ನು ಕಡೆಗಣಿಸಿದವನು ತನಗೂ ವಸ್ತುವಿಗೂ ಇರುವ ಸಂಬಂಧವನ್ನಷ್ಟೇ ಧರ್ಮವೆಂದು ತಿಳಿದು, ಪರರಿಗೆ ಸಲ್ಲಬೇಕಾದುದನ್ನು ಬಿಟ್ಟಂತಾಗುತ್ತದೆ. ಇದನ್ನು ಕೇವಲ ಕಾಗದಪತ್ರದ ಲೋಪವೆನ್ನದೆ ಧರ್ಮಲೋಪವೆಂದೇ ಎಣಿಸುವುದು ಯುಕ್ತ.

ಆದುದರಿಂದ ಹಳೆಯ ದೋಣಿ ಟ್ರೇಲರನ್ನು ಕೈ ಬದಲಾಯಿಸಿಕೊಳ್ಳುವವರು ಮೋಟಾರು ವಾಹನ ಕಾಯ್ದೆಯ 50ನೆಯ ಪ್ರಕರಣವನ್ನು ಮರೆಯದಿರಲಿ: ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು.